ಹಳೆಯ ವರ್ಕ್‌ಸ್ಟೇಷನ್‌ಗಳಿಗೆ ಉಚಿತ ಡ್ರಾಯಿಂಗ್ ಮತ್ತು ಇಂಟರ್‌ಫೇಸ್ ಡಿಸೈನ್ ಸಾಫ್ಟ್‌ವೇರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಸನ್, ಎಸ್‌ಜಿಐ, ಡೆಕ್ ಅಥವಾ ನೆಕ್ಸ್ಟ್ ಕಂಪನಿಯ ವರ್ಕ್‌ಸ್ಟೇಷನ್ (ಆ ಕಾಲದ ಪಿಸಿಗಿಂತ ಬಲವಾದ ಕಂಪ್ಯೂಟರ್) ಒಂದನ್ನು ಗುಜರಿಯಿಂದಲೋ ಕಾಲೇಜು ಲ್ಯಾಬಿನ ಮೂಲೆಯಿಂದಲೋ ತಂದು ಮತ್ತೆ ಎಬ್ಬಿಸಿದವರು ಇದ್ದಾರೆ. ಲ್ಯಾಪ್‌ಟಾಪ್‌ನಲ್ಲೇ ಅಂಥ ಮೆಷಿನ್‌ನಂತೆ ನಟಿಸುವ ಎಮ್ಯುಲೇಟರ್ ಹಾಕಿಕೊಂಡು ಆಟ ಆಡುವವರೂ ಇದ್ದಾರೆ. ಇಬ್ಬರೂ ಸ್ವಲ್ಪ ದಿನದಲ್ಲೇ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಇದರಲ್ಲಿ ಚಿತ್ರ ಬರೆಯೋಕೆ ಏನಿದೆ? ಬಟನ್, ಮೆನು ಇರುವ ಒಂದು ವಿಂಡೋ ಮಾಡೋಕೆ ಏನಿದೆ? ದುಡ್ಡು ಕೊಡದೆ ಸಿಗುತ್ತಾ?

ಸಿಗುತ್ತದೆ. ಆದರೆ ಸಿಗುವುದು ಬಹುಪಾಲು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಪಠ್ಯ. ಹುಡುಕುವುದಕ್ಕಿಂತ ಅದನ್ನು ಕಂಪೈಲ್ ಮಾಡುವುದೇ, ಅಂದರೆ ಓಡುವ ಪ್ರೋಗ್ರಾಂ ಆಗಿ ಬದಲಿಸುವುದೇ, ದೊಡ್ಡ ಕೆಲಸ. ಕೆಳಗಿನ ಉತ್ತರಗಳನ್ನು ಆ ಲೆಕ್ಕ ಇಟ್ಟುಕೊಂಡೇ ಓದಿ.

ಪ್ರಶ್ನೆ: ಇಲ್ಲಿ ಯಾವ ಮೆಷಿನ್‌ಗಳ ಮಾತು?

ಹೆಚ್ಚುಕಡಿಮೆ 1985ರಿಂದ 1995ರವರೆಗಿನ ಯುನಿಕ್ಸ್ ಮೆಷಿನ್‌ಗಳು. ಸನ್-3, 1989ರಲ್ಲಿ ಬಂದ ಸ್ಪಾರ್ಕ್‌ಸ್ಟೇಷನ್ 1 ಮತ್ತು ಅದರ ಮುಂದಿನವು, ಡೆಕ್‌ಸ್ಟೇಷನ್, ಎಸ್‌ಜಿಐ ಇಂಡಿಗೋ ಮತ್ತು ಇಂಡಿ, ಎಚ್‌ಪಿಯವು, 1988ರ ನೆಕ್ಸ್ಟ್. ನೆಕ್ಸ್ಟ್ ಬಿಟ್ಟರೆ ಉಳಿದವುಗಳಲ್ಲಿ ಪರದೆಯ ವಿಂಡೋ, ಮೌಸ್ ನಡೆಸುವ ಎಕ್ಸ್ ವಿಂಡೋ ಸಿಸ್ಟಮ್ ಓಡುತ್ತದೆ. ಎಂಐಟಿಯಲ್ಲಿ 1984ರಲ್ಲಿ ಶುರುವಾದ ಎಕ್ಸ್, ಎಕ್ಸ್11 ಆಗಿ ಬಂದದ್ದು 1987ರಲ್ಲಿ. ಅದು ಬಂದಮೇಲೆ ಒಂದು ಮೆಷಿನ್‌ಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲೂ ಕಂಪೈಲ್ ಆಗಬಹುದು ಅನ್ನುವ ಭರವಸೆ ಹುಟ್ಟಿತು. ಉಚಿತ ಸಾಫ್ಟ್‌ವೇರ್ ಜಾಸ್ತಿ ಬಂದದ್ದು ಅದರಿಂದಲೇ.

ಪ್ರಶ್ನೆ: ಉಚಿತ ಅಂದರೆ ಪೂರ್ತಿ ಉಚಿತವೇ?

ಒಂದೊಂದೂ ಒಂದೊಂದು ಥರ. ಎಕ್ಸ್ ಜೊತೆ ಬರುವ ಪ್ರೋಗ್ರಾಂಗಳಿಗೆ ಹೆಚ್ಚು ಷರತ್ತಿಲ್ಲ, ಹೆಸರು ಮತ್ತು ಲೈಸೆನ್ಸ್ ಸಾಲು ಅಳಿಸದಿದ್ದರೆ ಸಾಕು. ಎಕ್ಸ್‌ವಿ ಅನ್ನುವ ಚಿತ್ರ ನೋಡುವ ಪ್ರೋಗ್ರಾಂ ಶೇರ್‌ವೇರ್. ಸೋರ್ಸ್ ಸಿಗುತ್ತಿತ್ತು, ಆದರೆ ಕೆಲಸಕ್ಕೆ ಬಳಸಿದರೆ ಹಣ ಕಳಿಸಿ ಅಂತ ಕೇಳುತ್ತಿದ್ದರು. ವಿಂಡೋ ಕಟ್ಟಲು ಬಳಸುವ ಎಕ್ಸ್‌ಫಾರ್ಮ್ಸ್ ಲೈಬ್ರರಿ ಬಹಳ ವರ್ಷ ಬೈನರಿ (ಕಂಪೈಲ್ ಆದ ಫೈಲ್) ಮಾತ್ರ, ಅದೂ ವ್ಯಾಪಾರಕ್ಕಲ್ಲದ ಬಳಕೆಗೆ. 2002ರಲ್ಲಿ ಮಾತ್ರ ಅದು ಎಲ್‌ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ಗೆ ಬಂತು. ಆದ್ದರಿಂದ ಟಾರ್ ಫೈಲ್ (ಹಲವು ಫೈಲ್‌ಗಳನ್ನು ಒಂದಾಗಿ ಕಟ್ಟಿದ್ದು) ಬಿಚ್ಚಿದ ತಕ್ಷಣ ರೀಡ್‌ಮಿ ಮತ್ತು ಕಾಪಿರೈಟ್ ಫೈಲ್ ಓದಿ. ಇನ್ನೊಂದು ಮಾತು: 'ಅಬಂಡನ್‌ವೇರ್' ಅಂತ ಸಿಗುವ ಕಮರ್ಷಿಯಲ್ ಪ್ಯಾಕೇಜುಗಳು ಉಚಿತ ಅಲ್ಲ. ಕಂಪನಿ ಮುಚ್ಚಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಪ್ರಶ್ನೆ: ಒಂದೇ ಒಂದು ಡ್ರಾಯಿಂಗ್ ಪ್ರೋಗ್ರಾಂ ಹಾಕಿಕೊಳ್ಳೋದಾದ್ರೆ ಯಾವುದು?

ಎಕ್ಸ್‌ಫಿಗ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಸುಪೋಜ್ ಸುತಂತವಿಬುಲ್ 1985ರಲ್ಲಿ ಸನ್ ಮೆಷಿನ್‌ಗಾಗಿ ಬರೆದ 'ಫಿಗ್' ಇದರ ಮೂಲ. ಆಮೇಲೆ ಕೆನ್ ಯಾಪ್ ಅದನ್ನು ಎಕ್ಸ್‌ಗೆ ತಂದರು. ಲಾರೆನ್ಸ್ ಬರ್ಕ್ಲಿ ಲ್ಯಾಬಿನ ಬ್ರಯನ್ ಸ್ಮಿತ್ ವರ್ಷಗಟ್ಟಲೆ ಸಾಕಿ ಬೆಳೆಸಿದರು. ಗೆರೆ, ವೃತ್ತ, ಸ್ಪ್ಲೈನ್ (ನಯವಾಗಿ ಬಾಗುವ ಗೆರೆ), ಅಕ್ಷರ, ಇವುಗಳನ್ನು ಒಂದೊಂದು ವಸ್ತುವಾಗಿಯೇ ಇಟ್ಟುಕೊಳ್ಳುತ್ತದೆ, ಚುಕ್ಕೆಗಳಾಗಿ ಅಲ್ಲ. ಹಾಗಾಗಿ ಎಷ್ಟು ದೊಡ್ಡದು ಮಾಡಿದರೂ ಗೆರೆ ಹರಿಯುವುದಿಲ್ಲ.

ಇದರ ಫೈಲ್ ಬರೀ ಟೆಕ್ಸ್ಟ್. ಎಡಿಟರ್‌ನಲ್ಲಿ ತೆರೆದರೆ ಮೊದಲ ಸಾಲಿನಲ್ಲೇ ಹ್ಯಾಷ್ ಗುರುತು, 'ಫಿಗ್' ಅಂತ ಹೆಸರು, 2.1 ಅಥವಾ 3.2 ಅಂತ ಆವೃತ್ತಿ ಕಾಣುತ್ತದೆ. ಅದರ ಕೆಳಗೆ ಸಾಲು ಸಾಲು ಸಂಖ್ಯೆಗಳು: ಇದು ಎಂಥ ವಸ್ತು, ಗೆರೆ ಎಷ್ಟು ದಪ್ಪ, ಯಾವ ಬಣ್ಣ, ಎಲ್ಲಿಂದ ಎಲ್ಲಿಗೆ. 3ರ ಸಾಲಿನ ಆವೃತ್ತಿಗಳಲ್ಲಿ ಅಳತೆ ಇಂಚಿಗೆ 1200. ಹಳೆಯ 2.1ರಲ್ಲಿ ಇಂಚಿಗೆ 80. ಒಂದು ಗೆರೆಯನ್ನು ಸರಿಯಾಗಿ ಅರ್ಧ ಇಂಚು ಸರಿಸಬೇಕಾದರೆ ಮೌಸ್ ಜೊತೆ ಗುದ್ದಾಡಬೇಕಾಗಿಲ್ಲ, 3ರ ಫೈಲಿನಲ್ಲಿ ಸಂಖ್ಯೆಗೆ 600 ಕೂಡಿಸಿದರೆ ಮುಗಿಯಿತು. ಸಣ್ಣ ಸ್ಕ್ರಿಪ್ಟ್ ಬರೆದು ನೂರು ಚೌಕ ಹಾಕಿಸಬಹುದು.

ಕಲಿಯುವಾಗ ಒಂದು ವಿಷಯ ಎಲ್ಲರನ್ನೂ ಸತಾಯಿಸುತ್ತದೆ. ಇದಕ್ಕೆ ಮೂರು ಬಟನ್ ಮೌಸ್ ಬೇಕೇ ಬೇಕು. ಮುರಿಗೆರೆ ಎಳೆಯುವಾಗ ಎಡ ಬಟನ್ ಒತ್ತಿದರೆ ಬಿಂದು ಸೇರುತ್ತದೆ, ನಡುವಿನದು ಒತ್ತಿದರೆ ಗೆರೆ ಮುಗಿಯುತ್ತದೆ, ಬಲದ್ದು ಒತ್ತಿದರೆ ಎಳೆದದ್ದು ರದ್ದು. ಎಮ್ಯುಲೇಟರ್‌ನಲ್ಲಿ ಟಚ್‌ಪ್ಯಾಡ್ ಬಳಸುವವರು ಗೆರೆ ಮುಗಿಸಲು ಗೊತ್ತಾಗದೆ ಪ್ರೋಗ್ರಾಂ ಕೆಟ್ಟಿದೆ ಅಂದುಕೊಳ್ಳುತ್ತಾರೆ. ವಿಂಡೋದಲ್ಲೇ ಈಗ ಯಾವ ಬಟನ್‌ಗೆ ಏನು ಕೆಲಸ ಅಂತ ಬರೆದಿರುತ್ತದೆ. ಯಾರೂ ಅತ್ತ ನೋಡುವುದಿಲ್ಲ ಅಷ್ಟೇ.

ಪ್ರಶ್ನೆ: ಟಿಜಿಫ್, ಐಡ್ರಾ ಅಂತಲೂ ಕೇಳಿದ್ದೇನೆ. ಅವು ಹೇಗೆ?

ಟಿಜಿಫ್ ಯುಸಿಎಲ್‌ಎಯಲ್ಲಿ ವಿಲಿಯಂ ಚೆಂಗ್ ಬರೆದದ್ದು. ಇದರ ದೊಡ್ಡ ಅನುಕೂಲ ಏನೆಂದರೆ ಯಾವ ಟೂಲ್‌ಕಿಟ್‌ನ (ಬಟನ್, ಮೆನು ಕೊಡುವ ಲೈಬ್ರರಿ) ಹಂಗೂ ಇಲ್ಲ. ನೇರ ಎಕ್ಸ್‌ನ ಮೂಲ ಲೈಬ್ರರಿಯಾದ ಎಕ್ಸ್‌ಲಿಬ್ ಮೇಲೆ ನಿಂತಿದೆ. ಮೋಟಿಫ್, ಅಥೆನಾ ವಿಜೆಟ್ (ವಿಜೆಟ್ ಅಂದರೆ ಬಟನ್ ಥರದ ಭಾಗ) ಅನ್ನುವ ಟೂಲ್‌ಕಿಟ್‌ಗಳು ಇಲ್ಲದ ಬಡ ಮೆಷಿನ್‌ನಲ್ಲೂ ಕಂಪೈಲ್ ಆಗುವ ಸಂಭವ ಜಾಸ್ತಿ. ತಮಾಷೆ ಏನು ಗೊತ್ತಾ, ಇದು ಚಿತ್ರವನ್ನು ಪ್ರೊಲಾಗ್ ಭಾಷೆಯ ವಾಕ್ಯಗಳಾಗಿ ಉಳಿಸುತ್ತದೆ. ಎಕ್ಸ್‌ಫಿಗ್ ಕಟ್ಟಲು ಆಗದಿದ್ದರೆ ಇದಕ್ಕೆ ಬನ್ನಿ.

ಐಡ್ರಾ ಸ್ಟ್ಯಾನ್‌ಫರ್ಡ್‌ನ ಇಂಟರ್‌ವ್ಯೂಸ್ ಎಂಬ ಸಿ ಪ್ಲಸ್ ಪ್ಲಸ್ ಟೂಲ್‌ಕಿಟ್ ಜೊತೆ ಬರುತ್ತಿತ್ತು. ಮಾರ್ಕ್ ಲಿಂಟನ್, ಜಾನ್ ವ್ಲಿಸೈಡ್ಸ್, ಪಾಲ್ ಕಾಲ್ಡರ್ ಅದರ ಹಿಂದಿದ್ದವರು. ಬಳಸಲು ಮೂರರಲ್ಲಿ ಇದೇ ಚೆಂದ. ಫೈಲನ್ನು ಪೋಸ್ಟ್‌ಸ್ಕ್ರಿಪ್ಟ್ (ಪ್ರಿಂಟರ್‌ನ ಭಾಷೆ) ಆಗಿಯೇ ಉಳಿಸುತ್ತದೆ, ನೇರ ಪ್ರಿಂಟರ್‌ಗೆ ಕಳಿಸಬಹುದು. ಆದರೆ ಆ ಕಾಲದ ಸಿ ಪ್ಲಸ್ ಪ್ಲಸ್ ಇವತ್ತಿನ ಕಂಪೈಲರ್‌ಗೆ ಹಿಡಿಸುವುದಿಲ್ಲ. ಸಮಕಾಲೀನ ಕಂಪೈಲರ್ ಇದ್ದರೆ ಮಾತ್ರ ಕೈ ಹಾಕಿ. ಲಿನಕ್ಸ್‌ನಲ್ಲಿ ಅದರ ರುಚಿ ನೋಡಬೇಕೆಂದರೆ ಅದೇ ವಂಶದ ಐವಿಟೂಲ್ಸ್ ಇದೆ.

ಪ್ರಶ್ನೆ: ಐಕಾನ್ ಬರೆಯೋಕೆ, ಪೇಂಟ್ ಮಾಡೋಕೆ?

ಕಪ್ಪು ಬಿಳುಪು ಐಕಾನ್ ಸಾಕಾದರೆ ಏನನ್ನೂ ಹುಡುಕಬೇಡಿ. ಎಕ್ಸ್ ಜೊತೆಗೇ 'ಬಿಟ್‌ಮ್ಯಾಪ್' ಅನ್ನುವ ಪುಟ್ಟ ಎಡಿಟರ್ ಬರುತ್ತದೆ. ಅದು ಉಳಿಸುವ ಎಕ್ಸ್‌ಬಿಎಂ ಫೈಲ್ ಅಂದರೆ ಸಿ ಭಾಷೆಯ ತುಣುಕೇ: ಅಗಲ, ಎತ್ತರ, ಬಿಟ್‌ಗಳ ಒಂದು ಅರೇ. ನಿಮ್ಮ ಪ್ರೋಗ್ರಾಂಗೆ ನೇರವಾಗಿ ಇನ್‌ಕ್ಲೂಡ್ ಮಾಡಬಹುದು. ಸನ್‌ನಲ್ಲಿ ಐಕಾನ್‌ಎಡಿಟ್ ಕೂಡ ಇರುತ್ತದೆ. ಬಣ್ಣ ಬೇಕಾದರೆ ಎಕ್ಸ್‌ಪಿಎಂ ಲೈಬ್ರರಿ ಹಾಕಿಕೊಳ್ಳಿ. ಫ್ರಾನ್ಸಿನಲ್ಲಿ ಹುಟ್ಟಿದ್ದು, ಅದೂ ಸಿ ತುಣುಕಿನ ರೂಪದಲ್ಲೇ ಉಳಿಸುತ್ತದೆ.

ಕೈಯಿಂದ ಬಣ್ಣ ಬಳಿಯುವ ಕೆಲಸಕ್ಕೆ ಎಕ್ಸ್‌ಪೇಂಟ್. ಒಂದು ಫಾರ್ಮ್ಯಾಟ್‌ನಿಂದ ಇನ್ನೊಂದಕ್ಕೆ ಬದಲಿಸಲು ಜೆಫ್ ಪೊಸ್ಕಾಂಜರ್ ಬರೆದ ಪಿಬಿಎಂಪ್ಲಸ್, ಈಗಿನ ಹೆಸರು ನೆಟ್‌ಪಿಬಿಎಂ. ಇದು ಒಂದಿದ್ದರೆ ಪರದೆಯ ಚಿತ್ರ ತೆಗೆದು ಹೊಸ ಮೆಷಿನ್‌ಗೆ ತರುವುದು ಸುಲಭ.

ಪ್ರಶ್ನೆ: ಮೌಸ್‌ನಲ್ಲಿ ಎಳೆದು ಬಟನ್, ಮೆನು ಜೋಡಿಸುವ ಉಚಿತ ಬಿಲ್ಡರ್ ಯಾವುದು?

ಮೊದಲು ಟೂಲ್‌ಕಿಟ್ ಯಾವುದು ಅಂತ ಹೇಳಿ. ಆ ಕಾಲದಲ್ಲಿ ಒಂದೇ ಪರದೆಯ ಮೇಲೆ ನಾಲ್ಕು ಥರದ ಸ್ಕ್ರೋಲ್‌ಬಾರ್ ಕಾಣುತ್ತಿತ್ತು. ಎಂಐಟಿಯ ಅಥೆನಾ ವಿಜೆಟ್‌ಗಳು ಒಂದು, ಸನ್‌ನ ಓಪನ್ ಲುಕ್ ಇನ್ನೊಂದು, ಓಎಸ್‌ಎಫ್ ಎಂಬ ಕಂಪನಿಗಳ ಒಕ್ಕೂಟದ ಮೋಟಿಫ್ ಮತ್ತೊಂದು, ಉಳಿದದ್ದು ಆಯಾ ವಿಶ್ವವಿದ್ಯಾಲಯದವರದ್ದು. ಬಿಲ್ಡರ್ ಯಾವುದೇ ಇರಲಿ, ಅದು ಒಂದು ಟೂಲ್‌ಕಿಟ್‌ಗೆ ಮಾತ್ರ ಕೋಡ್ ಬರೆಯುತ್ತದೆ.

ಮೋಟಿಫ್‌ಗೆ ಉಚಿತ ಬಿಲ್ಡರ್ ಹುಡುಕುವವರು ಮೊದಲು ಇದು ತಿಳಿದಿರಲಿ: ಮೋಟಿಫ್ ತಾನೇ ಉಚಿತ ಆಗಿರಲಿಲ್ಲ. ಅದು ಪೂರ್ತಿ ಎಲ್‌ಜಿಪಿಎಲ್ ಆದದ್ದು 2012ರಲ್ಲಿ. ಯುಐಎಂ/ಎಕ್ಸ್, ಬಿಲ್ಡರ್ ಎಕ್ಸೆಸರಿ, ಟೆಲಿಯೂಸ್ ಎಲ್ಲವೂ ದುಬಾರಿ ಕಮರ್ಷಿಯಲ್ ಸರಕು. ಉಚಿತದಲ್ಲಿ ಹತ್ತಿರ ಬರುವುದು ನಾಸಾದ ಜೆಪಿಎಲ್ ಲ್ಯಾಬಿನ ಡೇವಿಡ್ ಸ್ಮಿತ್ ಬರೆದ ಡಬ್ಲ್ಯುಸಿಎಲ್. ಅದು ಎಳೆದು ಜೋಡಿಸುವ ಬಿಲ್ಡರ್ ಅಲ್ಲ. ಇಂಟರ್‌ಫೇಸನ್ನು ಎಕ್ಸ್ ರಿಸೋರ್ಸ್ ಫೈಲಿನಲ್ಲಿ (ಸೆಟ್ಟಿಂಗ್‌ಗಳ ಟೆಕ್ಸ್ಟ್ ಫೈಲ್) ಬರೆದಿಟ್ಟರೆ ಪ್ರೋಗ್ರಾಂ ಶುರುವಾಗುವಾಗ ಅದನ್ನು ಓದಿ ವಿಜೆಟ್‌ಗಳನ್ನು ಕಟ್ಟುತ್ತದೆ. ಬಟನ್ ಜಾಗ ಬದಲಿಸಲು ಮತ್ತೆ ಕಂಪೈಲ್ ಬೇಕಿಲ್ಲ. ನಿಧಾನದ ಮೆಷಿನ್‌ನಲ್ಲಿ ಇದು ದೊಡ್ಡ ಲಾಭ.

ಓಪನ್ ಲುಕ್‌ನಲ್ಲಿ ಪರಿಸ್ಥಿತಿ ಅರ್ಧ ಅರ್ಧ. ಎಕ್ಸ್‌ವ್ಯೂ ಟೂಲ್‌ಕಿಟ್‌ನ ಸೋರ್ಸನ್ನು ಸನ್ ಉಚಿತವಾಗಿ ಕೊಟ್ಟಿತು. ಅದಕ್ಕೆ ಹೊಂದುವ ಡೆವ್‌ಗೈಡ್ ಬಿಲ್ಡರನ್ನು ಮಾರಿತು.

ಪ್ರಶ್ನೆ: ಹಾಗಾದರೆ ನಿಜವಾಗಿ ಉಚಿತ, ನಿಜವಾಗಿ ಎಳೆದು ಜೋಡಿಸುವಂಥದ್ದು ಇಲ್ಲವೇ?

ಇದೆ. ಎಸ್‌ಜಿಐ ಇದ್ದರೆ ಫಾರ್ಮ್ಸ್ ಲೈಬ್ರರಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಮಾರ್ಕ್ ಓವರ್‌ಮಾರ್ಸ್ ಬರೆದದ್ದು. ಎಸ್‌ಜಿಐನ ಜಿಎಲ್ ಗ್ರಾಫಿಕ್ಸ್ ಮೇಲೆ ನಿಂತಿದೆ. ಆಮೇಲೆ ಟಿ. ಸಿ. ಝಾವ್ ಜೊತೆ ಸೇರಿ ಎಕ್ಸ್‌ಗೆ ಬಂದದ್ದೇ ಎಕ್ಸ್‌ಫಾರ್ಮ್ಸ್. ಇದರ ಜೊತೆ 'ಎಫ್‌ಡಿಸೈನ್' ಬರುತ್ತದೆ. ನನಗೆ ಆ ಕಾಲದ ಉಚಿತ ಬಿಲ್ಡರ್‌ಗಳಲ್ಲಿ ಇದೇ ಇಷ್ಟ.

ಕೆಲಸ ಹೀಗೆ. ಖಾಲಿ ಫಾರ್ಮ್ ಮೇಲೆ ಒಂದು ಚೌಕ ಎಳೆಯುತ್ತೀರಿ. ಪಟ್ಟಿಯಲ್ಲಿ ಬಟನ್, ಸ್ಲೈಡರ್, ಡಯಲ್ ಅಂತ ಇರುತ್ತದೆ, ಒಂದನ್ನು ಆರಿಸುತ್ತೀರಿ. ಅದಕ್ಕೊಂದು ಲೇಬಲ್, ಒಂದು ವೇರಿಯಬಲ್ ಹೆಸರು, ಒತ್ತಿದಾಗ ಕರೆಯಬೇಕಾದ ಫಂಕ್ಷನ್ ಹೆಸರು ಬರೆಯುತ್ತೀರಿ. ಉಳಿಸಿದರೆ ವಿನ್ಯಾಸದ ಫೈಲ್ ಜೊತೆಗೆ ಸಿ ಫೈಲ್ ಮತ್ತು ಹೆಡರ್ ಸಿಗುತ್ತದೆ. ಒಂದೇ ಎಚ್ಚರಿಕೆ: ಅದು ಬರೆದ ಸಿ ಫೈಲಿಗೆ ಕೈಯಿಂದ ತಿದ್ದುಪಡಿ ಮಾಡಬೇಡಿ. ಮುಂದಿನ ಸಲ ಉಳಿಸಿದಾಗ ನಿಮ್ಮ ತಿದ್ದುಪಡಿ ಮಾಯ. ನಿಮ್ಮ ಫಂಕ್ಷನ್‌ಗಳನ್ನು ಬೇರೆ ಫೈಲಿನಲ್ಲಿಡಿ. ಕೋಡ್ ಉಗುಳುವ ಎಲ್ಲ ಬಿಲ್ಡರ್‌ಗಳಿಗೂ ಈ ನಿಯಮ ಅನ್ವಯ.

ಬೇರೆ ಮೆಷಿನ್ ಇದ್ದರೆ ಟಿಸಿಎಲ್/ಟಿಕೆ: ಟಿಸಿಎಲ್ ಒಂದು ಸ್ಕ್ರಿಪ್ಟ್ ಭಾಷೆ, ಟಿಕೆ ಅದರ ಟೂಲ್‌ಕಿಟ್. ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ಬರೆದದ್ದು. ಬಟನ್ ಮಾಡಲು ಒಂದು ಸಾಲು, ಅದನ್ನು ವಿಂಡೋದಲ್ಲಿ ಕೂರಿಸಲು ಇನ್ನೊಂದು. ಪ್ರೋಗ್ರಾಂ ಓಡುತ್ತಿರುವಾಗಲೇ ಸಾಲು ಟೈಪ್ ಮಾಡಿ ವಿಂಡೋ ಬದಲಾಗುವುದನ್ನು ನೋಡಬಹುದು. ಇದರ ಮೇಲೆ ಎಳೆದು ಜೋಡಿಸಲು ಸ್ವೆನ್ ಡೆಲ್ಮಾಸ್ ಬರೆದ ಎಕ್ಸ್‌ಎಫ್ ಇದೆ. ಎಕ್ಸ್‌ಎಫ್ ಯಾವ ಟಿಕೆ ಆವೃತ್ತಿಗೆ ಬರೆದದ್ದೋ ಅದನ್ನೇ ಹಾಕಿ, ಹೊಸದು ಹಾಕಿದರೆ ತಕರಾರು ಮಾಡುತ್ತದೆ. ನಿಜ ಹೇಳಬೇಕೆಂದರೆ ಟಿಕೆಯಲ್ಲಿ ಬಿಲ್ಡರ್ ಇಲ್ಲದೆ ಕೈಯಲ್ಲಿ ಬರೆಯುವುದೇ ಬೇಗ.

ಇನ್ನೆರಡು ಹೆಸರು ನೆನಪಿಡಿ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ರ್ಯಾಂಡಿ ಪಾಶ್ ತಂಡದ 'ಸೂಟ್', ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಬಟನ್‌ಗಳನ್ನು ಹಿಡಿದು ಸರಿಸಬಹುದು. ಕಾರ್ನೆಗಿ ಮೆಲನ್‌ನಲ್ಲಿ ಬ್ರಾಡ್ ಮೈಯರ್ಸ್ ತಂಡದ 'ಗಾರ್ನೆಟ್', ಕಾಮನ್ ಲಿಸ್ಪ್‌ನಲ್ಲಿದೆ, ಅದರ ಬಿಲ್ಡರ್ ಹೆಸರು ಗಿಲ್ಟ್. ಲಿಸ್ಪ್ ಗೊತ್ತಿಲ್ಲದವರಿಗೆ ಗಾರ್ನೆಟ್ ಬೇಡ. ಮೆಮೊರಿಯೂ ಜಾಸ್ತಿ ತಿನ್ನುತ್ತದೆ.

ಪ್ರಶ್ನೆ: ನನ್ನದು ನೆಕ್ಸ್ಟ್. ನನಗೇನು?

ನೀವು ಹುಡುಕಬೇಕಾದ್ದೇ ಇಲ್ಲ. ಜಾನ್-ಮಾರಿ ಉಲ್ಲೋ ಮಾಡಿದ ಇಂಟರ್‌ಫೇಸ್ ಬಿಲ್ಡರ್ ಅದರ ಡೆವಲಪರ್ ಭಾಗದಲ್ಲೇ ಇದೆ. ಮೇಲೆ ಹೇಳಿದವುಗಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಇದು ಕೋಡ್ ಉಗುಳುವುದಿಲ್ಲ. ಜೋಡಿಸಿದ ವಸ್ತುಗಳನ್ನೇ, ಅವುಗಳ ನಡುವಿನ ಸಂಪರ್ಕದ ಸಮೇತ, ನಿಬ್ ಫೈಲಿನಲ್ಲಿ ಇಡುತ್ತದೆ. ಪ್ರೋಗ್ರಾಂ ಶುರುವಾದಾಗ ಅವು ಹಾಗೇ ಎದ್ದು ಬರುತ್ತವೆ. ಹಾಗಾಗಿ ತಿದ್ದುಪಡಿ ಅಳಿಸಿಹೋಗುವ ತೊಂದರೆಯೇ ಇಲ್ಲ. ಡೆವಲಪರ್ ಉದಾಹರಣೆಗಳಲ್ಲಿ 'ಡ್ರಾ' ಅನ್ನುವ ಡ್ರಾಯಿಂಗ್ ಪ್ರೋಗ್ರಾಂ ಸೋರ್ಸ್ ಸಮೇತ ಇದೆ. ಡ್ರಾಯಿಂಗ್ ಪ್ರೋಗ್ರಾಂ ಬರೆಯುವುದು ಹೇಗೆ ಅಂತ ಕಲಿಯಲು ಅದನ್ನು ಓದಿ, ಚೆನ್ನಾಗಿದೆ.

ಪ್ರಶ್ನೆ: ಇದೆಲ್ಲ ಈಗ ಎಲ್ಲಿ ಸಿಗುತ್ತದೆ?

ಎಕ್ಸ್‌ಗೆ ಸೇರಿದ ಉಚಿತ ಪ್ರೋಗ್ರಾಂಗಳ ದೊಡ್ಡ ಕಣಜ ಎಂಐಟಿಯ ಎಫ್‌ಟಿಪಿ (ಫೈಲ್ ಸಾಗಿಸುವ ವಿಧಾನ) ಸರ್ವರಿನ 'ಕಾಂಟ್ರಿಬ್' ಡೈರೆಕ್ಟರಿ ಆಗಿತ್ತು. ಅದನ್ನು ಆಗಲೇ ಹಲವು ಕಡೆ ನಕಲು ಮಾಡಿಟ್ಟಿದ್ದರು. ವಾಲ್ನಟ್ ಕ್ರೀಕ್ ಥರದ ಕಂಪನಿಗಳು ಸೀಡಿಗೆ ಹಾಕಿ ಮಾರುತ್ತಿದ್ದವು. ಆ ಸೀಡಿಗಳ ಇಮೇಜ್‌ಗಳು ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ನನ್ನ ಸಲಹೆ: ಒಂದೊಂದೇ ಫೈಲ್ ಬೆನ್ನಟ್ಟುವ ಬದಲು ನಿಮ್ಮ ಮೆಷಿನ್‌ನ ವಯಸ್ಸಿಗೆ ಹೊಂದುವ ಒಂದು ಸೀಡಿ ಇಮೇಜ್ ಇಳಿಸಿಕೊಳ್ಳಿ. ಅದರಲ್ಲಿರುವ ಪ್ರೋಗ್ರಾಂ, ಲೈಬ್ರರಿ ಎಲ್ಲ ಒಂದೇ ಕಾಲದವು, ಒಂದಕ್ಕೊಂದು ಹೊಂದುತ್ತವೆ.

ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದಲ್ಲಿ ಎಕ್ಸ್ ಸೋರ್ಸ್‌ಗಳಿಗೆಂದೇ ಒಂದು ಗುಂಪಿತ್ತು. ಅದರ ಸಂಗ್ರಹಗಳೂ ಇವೆ. ಐಬಿಬ್ಲಿಯೋ ತಾಣದಲ್ಲಿ ಹಳೆಯ ಯುನಿಕ್ಸ್ ಸರಕು ಸಾಕಷ್ಟಿದೆ. ಕೈಪಿಡಿಗಳಿಗೆ ಬಿಟ್‌ಸೇವರ್ಸ್ ತಾಣ ನೋಡಿ. ಎಕ್ಸ್‌ಫಿಗ್, ಟಿಕೆ, ಎಕ್ಸ್‌ಫಾರ್ಮ್ಸ್ ಮೂರೂ ಸೋರ್ಸ್‌ಫೋರ್ಜ್ ಥರದ ತಾಣಗಳಲ್ಲಿ ಹೊಸ ರೂಪದಲ್ಲಿ ಸಿಗುತ್ತವೆ. ಆದರೆ ಹೊಸದು ಹಳೆಯ ಮೆಷಿನ್‌ನಲ್ಲಿ ಕಟ್ಟಲು ಬಾರದೆ ಇರಬಹುದು.

ಪ್ರಶ್ನೆ: ಆ ಕಾಲದಲ್ಲಿ ನಮ್ಮ ಕಡೆಯವರು ಹೇಗೆ ತರಿಸಿಕೊಳ್ಳುತ್ತಿದ್ದರು?

ಬೆಂಗಳೂರಿನ ಐಐಎಸ್‌ಸಿ, 1986ರಲ್ಲಿ ಶುರುವಾದ ಶಿಕ್ಷಣ, ಸಂಶೋಧನೆಯ ಜಾಲವಾದ ಅರ್ನೆಟ್‌ನ ಮೊದಲ ಎಂಟು ಸಂಸ್ಥೆಗಳಲ್ಲಿ ಒಂದು. ಅಂಥ ಕಡೆ ಇದ್ದವರಿಗೆ ಇಮೇಲ್ ಇತ್ತು. ಎಫ್‌ಟಿಪಿಗೆ ದಾರಿ ಇಲ್ಲದೆ ಬರೀ ಇಮೇಲ್ ಇದ್ದವರಿಗಾಗಿ ಡೆಕ್ ಕಂಪನಿಯವರು ಎಫ್‌ಟಿಪಿಮೇಲ್ ಅನ್ನುವ ಸೇವೆ ನಡೆಸುತ್ತಿದ್ದರು. ಬೇಕಾದ ಫೈಲಿನ ಹೆಸರು ಬರೆದು ಮೇಲ್ ಮಾಡಿದರೆ ಅದು ಯುಯುಎನ್‌ಕೋಡ್ ಆಗಿ, ಅಂದರೆ ಬರೀ ಅಕ್ಷರಗಳ ರೂಪದಲ್ಲಿ, ತುಂಡು ತುಂಡಾಗಿ ಅಂಚೆಪೆಟ್ಟಿಗೆಗೆ ಬರುತ್ತಿತ್ತು. ಒಂದು ತುಂಡು ಬರದಿದ್ದರೆ ಅಷ್ಟೂ ವ್ಯರ್ಥ. ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ.

ಪ್ರಶ್ನೆ: ಫೈಲಿನ ಹೆಸರು ದೊಡ್ಡ ಅಕ್ಷರದ ಝಡ್‌ನಲ್ಲಿ ಮುಗಿಯುತ್ತದೆ. ಹೇಗೆ ಬಿಚ್ಚುವುದು?

ಅದು ಹಳೆಯ ಕಂಪ್ರೆಸ್ ಫಾರ್ಮ್ಯಾಟ್. ಹಳೆಯ ಮೆಷಿನ್‌ನಲ್ಲಿ ಅನ್‌ಕಂಪ್ರೆಸ್ ಇರುತ್ತದೆ. ಹೊಸದರಲ್ಲಿ ಜಿಝಿಪ್ ಕೂಡ ಅದನ್ನು ಬಿಚ್ಚುತ್ತದೆ. ಫೈಲು ಶಾರ್ ಆಗಿದ್ದರೆ ಅದು ಶೆಲ್ ಸ್ಕ್ರಿಪ್ಟ್, ಓಡಿಸಿದರೆ ಒಳಗಿನ ಫೈಲ್‌ಗಳು ಹೊರಬರುತ್ತವೆ. ಓಡಿಸುವ ಮೊದಲು ಒಮ್ಮೆ ಕಣ್ಣಾಡಿಸಿ, ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಮಾತ್ರ ಓಡಿಸಬೇಡಿ.

ಪ್ರಶ್ನೆ: ಹಳೆಯ ಮೆಷಿನ್‌ನ ಬ್ರೌಸರ್‌ನಲ್ಲಿ ಯಾವ ತಾಣವೂ ತೆರೆಯುತ್ತಿಲ್ಲ.

ತೆರೆಯುವುದೂ ಇಲ್ಲ. ಇವತ್ತಿನ ಸುರಕ್ಷಿತ ಸಂಪರ್ಕ ಅದಕ್ಕೆ ಅರ್ಥವಾಗದು. ಹೊಸ ಮೆಷಿನ್‌ನಲ್ಲಿ ಇಳಿಸಿ, ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ಎಫ್‌ಟಿಪಿ ಮಾಡಿ. ಆ ಮೆಷಿನ್‌ಗೆ ಹೊರಗಿನ ಇಂಟರ್‌ನೆಟ್ ಕೊಡಬೇಡಿ, ಭದ್ರತೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಎಮ್ಯುಲೇಟರ್ ಆದರೆ ಎಲ್ಲವನ್ನೂ ಒಂದು ಟಾರ್ ಫೈಲ್ ಮಾಡಿ, ಎಂಟಕ್ಷರ ಮೀರದ ಹೆಸರಿಟ್ಟು, ಐಎಸ್‌ಓ ಇಮೇಜಿನಲ್ಲಿ (ಸೀಡಿಯ ರೂಪದ ಫೈಲ್) ಹಾಕಿ ಮೌಂಟ್ ಮಾಡಿ. ಬಿಡಿ ಫೈಲ್‌ಗಳನ್ನು ಹಾಕಿದರೆ ಉದ್ದ ಹೆಸರುಗಳು ಕತ್ತರಿಸಿಹೋಗಿ ಹೇಗೆ ಕಂಪೈಲ್ ಮಾಡಬೇಕೆಂದು ಹೇಳುವ ಮೇಕ್‌ಫೈಲ್‌ಗೆ ಏನೂ ಸಿಗದೆ ಒದ್ದಾಡುತ್ತೀರಿ. ನಿಜವಾದ ಹಳೆಯ ಸನ್‌ಗೆ ಸೀಡಿ ಡ್ರೈವ್ ಹಾಕುವುದಾದರೆ 512 ಬೈಟ್ ಬ್ಲಾಕ್‌ಗೆ ಒಗ್ಗುವ ಡ್ರೈವ್ ಬೇಕು, ಇಲ್ಲದಿದ್ದರೆ ಅದರಿಂದ ಬೂಟ್ ಆಗುವುದಿಲ್ಲ.

ಪ್ರಶ್ನೆ: ಕಂಪೈಲ್ ಮಾಡಲು ಸಿಸಿ ಕಮಾಂಡ್ ಕೊಟ್ಟರೆ ಭಾಷೆಯ ಪ್ಯಾಕೇಜ್ ಹಾಕಿಲ್ಲ ಅನ್ನುತ್ತದೆ!

ನಿಮ್ಮದು ಸೊಲಾರಿಸ್ 2, ಸನ್ಓಎಸ್ 4ರ ನಂತರ ಬಂದ ಸನ್‌ನ ಓಎಸ್. ಸನ್ಓಎಸ್ 4ರವರೆಗೆ ಸಿ ಕಂಪೈಲರ್ ಜೊತೆಗೇ ಬರುತ್ತಿತ್ತು. ಸೊಲಾರಿಸ್ 2ರಿಂದ ಅದನ್ನು ಬೇರೆ ಮಾಡಿ ಮಾರಿದರು, ಹೆಸರಿಗೆ ಒಂದು ಸುಳ್ಳು ಸಿಸಿ ಇಟ್ಟು. ಐರಿಕ್ಸ್ ಎಂಬ ತನ್ನ ಓಎಸ್‌ನ 5ನೇ ಆವೃತ್ತಿಯಿಂದ ಎಸ್‌ಜಿಐನದ್ದೂ ಇದೇ ಕಥೆ. ಪರಿಹಾರ ಜಿಸಿಸಿ ಎಂಬ ಉಚಿತ ಕಂಪೈಲರ್, ಆದರೆ ಜಿಸಿಸಿ ಕಟ್ಟಲೂ ಒಂದು ಕಂಪೈಲರ್ ಬೇಕಲ್ವಾ? ಹಾಗಾಗಿ ನಿಮ್ಮ ಓಎಸ್ ಆವೃತ್ತಿಗೆ ಸರಿಯಾದ ಜಿಸಿಸಿ ಬೈನರಿಯನ್ನೇ ಹುಡುಕಿ. ಡ್ರಾಯಿಂಗ್ ಪ್ರೋಗ್ರಾಂ ಆಮೇಲೆ.

ಸನ್ಓಎಸ್ 4ರ ಜೊತೆಗಿನ ಸಿಸಿ ಹಳೆಯ ಕೆ ಆ್ಯಂಡ್ ಆರ್ ಸಿ (ಸಿ ಭಾಷೆಯ ಮೊದಲಿನ ರೂಪ) ಮಾತ್ರ ಓದುತ್ತದೆ. ಫಂಕ್ಷನ್ ಪ್ರೊಟೊಟೈಪ್ ಕಂಡರೆ ಸಿಂಟ್ಯಾಕ್ಸ್ ಎರರ್ ಸುರಿಸುತ್ತದೆ. ಮೊದಲ ಎರರ್ ಹಾಗಿದ್ದರೆ ಕೋಡ್ ತಿದ್ದಲು ಕೂರಬೇಡಿ. ಜಿಸಿಸಿ ಬಳಸಿ, ಇಲ್ಲವೇ ಅದೇ ಪ್ರೋಗ್ರಾಂನ ಹಳೆಯ ಆವೃತ್ತಿ ತನ್ನಿ.

ಪ್ರಶ್ನೆ: ಇಮೇಕ್‌ಫೈಲ್ ಮಾತ್ರ ಇದೆ, ಮೇಕ್‌ಫೈಲ್ ಇಲ್ಲ.

ಎಕ್ಸ್‌ಎಂಕೆಎಂಎಫ್ ಓಡಿಸಿ. ಅದು ಇಮೇಕ್ ಮೂಲಕ ನಿಮ್ಮ ಮೆಷಿನ್‌ಗೆ ತಕ್ಕ ಮೇಕ್‌ಫೈಲ್ ಬರೆಯುತ್ತದೆ. ಆಮೇಲೆ ಮೇಕ್.

ಪ್ರಶ್ನೆ: ಎಲ್ಲ ಕಂಪೈಲ್ ಆಗಿ ಕೊನೆಗೆ ಲಿಂಕ್ ಮಾಡುವಾಗ ಎರಡು ಹೆಸರು ಸಿಗಲಿಲ್ಲ ಅಂತ ನಿಂತಿತು.

ಆ ಎರಡು ಹೆಸರಲ್ಲಿ 'ಡಬ್ಲ್ಯುಎಂಶೆಲ್‌ವಿಜೆಟ್‌ಕ್ಲಾಸ್' ಮತ್ತು 'ಅಪ್ಲಿಕೇಷನ್‌ಶೆಲ್‌ವಿಜೆಟ್‌ಕ್ಲಾಸ್' ಇವೆಯೇ? ಸನ್ಓಎಸ್ 4ರಲ್ಲಿ ಅಥೆನಾ ವಿಜೆಟ್ ಪ್ರೋಗ್ರಾಂ ಕಟ್ಟಿದ ಎಲ್ಲರೂ ಇದನ್ನು ಕಂಡಿದ್ದಾರೆ. ತಪ್ಪು ನಿಮ್ಮದೂ ಅಲ್ಲ, ಎಕ್ಸ್‌ಫಿಗ್‌ದೂ ಅಲ್ಲ. ಶೇರ್ಡ್ ಲೈಬ್ರರಿಯಾದ ಎಕ್ಸ್‌ಎಂಯು ಜೊತೆಗಿನ ಜಗಳ. ಲಿಂಕ್ ಸಾಲಿನಲ್ಲಿ ಎಕ್ಸ್‌ಎಂಯು ಒಂದನ್ನು ಮಾತ್ರ ಸ್ಟ್ಯಾಟಿಕ್ ಮಾಡಿ (ಪ್ರೋಗ್ರಾಂ ಒಳಗೇ ಸೇರಿಸಿ), ಅಂದರೆ ಅದರ ಹೆಸರಿಗಿಂತ ಮೊದಲು ಬಿ-ಸ್ಟ್ಯಾಟಿಕ್, ಹೆಸರಾದ ನಂತರ ಬಿ-ಡೈನಮಿಕ್ ಆಯ್ಕೆ ಸೇರಿಸಿ. ಸರಿಹೋಗುತ್ತದೆ.

ಪ್ರಶ್ನೆ: ಎಕ್ಸ್‌ಫಿಗ್ ಚಿತ್ರದಲ್ಲಿ ಕನ್ನಡ ಲೇಬಲ್ ಹಾಕಬಹುದಾ?

ಹಳೆಯ ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಕಾಣುವ ಆಸೆ ಬಿಡಿ. ಆದರೆ ಪ್ರಿಂಟ್‌ನಲ್ಲಿ ತರಿಸಬಹುದು. ಎಕ್ಸ್‌ಫಿಗ್‌ನಲ್ಲಿ ಅಕ್ಷರಕ್ಕೆ 'ಸ್ಪೆಷಲ್' ಅನ್ನುವ ಗುರುತು ಇದೆ. ಅದನ್ನು ಹಾಕಿದರೆ ಆ ಪಠ್ಯವನ್ನು ತಾನು ಬಿಡಿಸದೆ ಪುಟ ಜೋಡಿಸುವ ಲೇಟೆಕ್ ಪ್ರೋಗ್ರಾಂಗೆ ಬಿಡುತ್ತದೆ. ಹಳೆಯ ಮೆಷಿನ್‌ನಲ್ಲಿ ಲೇಬಲ್ ಜಾಗಕ್ಕೆ ಒಂದು ಮ್ಯಾಕ್ರೋ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಚಿತ್ರವನ್ನು ಹೊಸ ಮೆಷಿನ್‌ಗೆ ತಂದು ಫಿಗ್2ಡೆವ್ ಎಂಬ ಪರಿವರ್ತಕದಿಂದ ಪಿಡಿಎಫ್ ಮತ್ತು ಲೇಟೆಕ್ ಜೋಡಿಯಾಗಿ ಬದಲಿಸಿ. ಆ ಮ್ಯಾಕ್ರೋ ಅಂದರೆ ಯಾವ ಕನ್ನಡ ಪದ ಅಂತ ಝೀಲೇಟೆಕ್ (ಕನ್ನಡ ಫಾಂಟ್ ಬಳಸಬಲ್ಲ ಲೇಟೆಕ್) ಫೈಲಿನಲ್ಲಿ ಹೇಳಿದರೆ ಅದು ಚಿತ್ರದಲ್ಲಿ ತನ್ನ ಜಾಗದಲ್ಲೇ ಬಂದು ಕೂರುತ್ತದೆ. ಪದದ ಅಗಲ ಮಾತ್ರ ಅಂದಾಜಿಗೆ ಸಿಗುವುದಿಲ್ಲ, ಸುತ್ತ ಸ್ವಲ್ಪ ಜಾಸ್ತಿ ಜಾಗ ಬಿಡಿ.

ಪ್ರಶ್ನೆ: ಮೆಷಿನ್ ಇಲ್ಲ, ಎಮ್ಯುಲೇಟರ್ ಸಾಕಾ?

ಡ್ರಾಯಿಂಗ್ ಕಲಿಯಲು ಧಾರಾಳ. ಸನ್‌ಗೆ ಕ್ಯೂಎಂಯು, ನೆಕ್ಸ್ಟ್‌ಗೆ 'ಪ್ರೀವಿಯಸ್', ಎಸ್‌ಜಿಐ ಇಂಡಿಗೆ ಮೇಮ್. ಮೇಮ್ ನಿಧಾನ, ಜಿಎಲ್ ಕೆಲಸಕ್ಕೆ ತಾಳ್ಮೆ ಬೇಕು. ನೆಕ್ಸ್ಟ್‌ನ ಅನುಭವವಂತೂ ಎಮ್ಯುಲೇಟರ್‌ನಲ್ಲೂ ಚೆನ್ನಾಗಿ ಸಿಗುತ್ತದೆ, ಮೊದಲ ಸಲ ಇಂಟರ್‌ಫೇಸ್ ಬಿಲ್ಡರ್ ನೋಡುವವರು ಅಲ್ಲಿಂದಲೇ ಶುರು ಮಾಡಿ. ಮೂರು ಬಟನ್ ಮೌಸ್ ಒಂದನ್ನು ಮಾತ್ರ ನಿಜದ್ದೇ ಕೊಂಡುಕೊಳ್ಳಿ. ಒತ್ತಿದರೆ ಕ್ಲಿಕ್ ಆಗುವ ಚಕ್ರವಿರುವ ಸಾಮಾನ್ಯ ಯುಎಸ್‌ಬಿ ಮೌಸ್ ಆದರೂ ನಡೆಯುತ್ತದೆ.